ನಂಬರು ರಾಜ್ಯದ್ದು, ರಸ್ತೆ ಊರಿನದ್ದು: ಅಪ್ಪನ ಜೊತೆ ದಕ್ಷಿಣ ಕ್ಯಾಲಿಫೋರ್ನಿಯಾ

ಡಿಸ್ನಿಲ್ಯಾಂಡೂ ಬೇಡ, ಹಾಲಿವುಡ್ಡೂ ಬೇಡ, ಎಲ್ಲಾದರೂ ರಸ್ತೆ ತೋರಿಸು ಅಂದರು ಅಪ್ಪ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಮಲೆನಾಡಿನ ಮಳೆಯಲ್ಲೇ ಸರ್ವೀಸು ಮುಗಿಸಿದವರು. ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆದರೂ ಕಾರಿನಲ್ಲಿ ಕೂತರೆ ಕಣ್ಣು ಮೋರಿ, ಶೋಲ್ಡರ್, ಡಾಂಬರಿನ ಅಂಚು, ಇವುಗಳ ಮೇಲೇ. ಫೆಬ್ರವರಿಯಲ್ಲಿ ಪ್ರೆಸಿಡೆಂಟ್ಸ್ ಡೇ ರಜೆ ವಾರಾಂತ್ಯಕ್ಕೆ ಅಂಟಿಕೊಂಡು ಬಂದಿತ್ತು. ಹಿಂದೆ ಮುಂದೆ ನಾನೂ ಎರಡು ರಜೆ ಹಾಕಿ, ಡಬ್ಬಿ ತುಂಬಾ ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಂಡು ಗುರುವಾರ ಸಂಜೆ ಸ್ಯಾನ್ ಹೋಸೆ ಬಿಟ್ಟೆವು. ಐ-5 ಅನ್ನೋ ಅಂತರರಾಜ್ಯ ಹೆದ್ದಾರಿಯ ಬಗ್ಗೆ ಹೇಳೋದಕ್ಕೆ ಏನೂ ಇಲ್ಲ, ಅದು ನಿದ್ದೆ ತರಿಸುವ ರಸ್ತೆ.

ಹೋಗ್ತಾ ದಾರಿಯಲ್ಲಿ ಅಪ್ಪನಿಗೆ ಹಸಿರು ಫಲಕದ ಕಥೆ ಹೇಳಿದೆ. ಕ್ಯಾಲಿಫೋರ್ನಿಯಾದ ರಾಜ್ಯ ಹೆದ್ದಾರಿ ಬೋರ್ಡು ಸನಿಕೆಯ ಆಕಾರದ್ದು. 1849ರಲ್ಲಿ ಚಿನ್ನ ಅಗೆಯಲು ಬಂದವರ ನೆನಪಿಗೆ ಆ ಆಕಾರ. ಹಸಿರು ಬಣ್ಣ 1964ರಲ್ಲಿ ಹೆದ್ದಾರಿಗಳ ನಂಬರು ಹೊಸದಾಗಿ ಜೋಡಿಸಿದಾಗ ಬಂದದ್ದು. ಈ ಬೋರ್ಡು ಇದ್ದಲ್ಲೆಲ್ಲ ರಸ್ತೆ ರಾಜ್ಯದ್ದೇ ಅಂದುಕೊಂಡರೆ ತಪ್ಪು. ಎಷ್ಟೋ ಊರುಗಳೊಳಗೆ ರಾಜ್ಯ ತನ್ನ ರಸ್ತೆಯನ್ನು ಊರಿಗೇ ಒಪ್ಪಿಸಿ ಕೈತೊಳೆದುಕೊಂಡಿದೆ. ಶಾಸನಸಭೆಯಲ್ಲಿ ಕಾನೂನು ತಿದ್ದಬೇಕು, ರಾಜ್ಯದ ಸಾರಿಗೆ ಆಯೋಗ ಒಪ್ಪಬೇಕು, ಆಮೇಲೆ ಗುಂಡಿ, ಸಿಗ್ನಲ್ಲು, ಫುಟ್‌ಪಾತು ಎಲ್ಲ ಊರಿನ ತಲೆಗೆ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಸಾಲು ಇರುತ್ತೆ: ಹೆದ್ದಾರಿ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ತೋರಿಸುವ ಬೋರ್ಡನ್ನು ಊರೇ ಹಾಕಿ ನೋಡಿಕೊಳ್ಳಬೇಕು.

"ಅಂದ್ರೆ ಕಾಗದದಲ್ಲಿ ಅದು ಹೆದ್ದಾರಿ ಅಲ್ಲ, ಕಂಬದಲ್ಲಿ ಹೆದ್ದಾರಿ," ಅಂದರು ಅಪ್ಪ. ಅಲ್ಲಿಗೆ ನಮ್ಮ ಪ್ರವಾಸಕ್ಕೊಂದು ಕೆಲಸ ಸಿಕ್ಕಿತು.

ಶುಕ್ರವಾರ: ಸಾಂಟಾ ಮೋನಿಕಾ

ಬೆಳಿಗ್ಗೆ ಎಂಟಕ್ಕೇ ಪಿಯರ್, ಅಂದರೆ ಸಮುದ್ರದೊಳಕ್ಕೆ ಚಾಚಿದ ಕಟ್ಟೆ, ತಲುಪಿದ್ದರಿಂದ ಪಾರ್ಕಿಂಗ್ ಸಿಕ್ಕಿತು. ಹತ್ತರ ಮೇಲೆ ಹೋಗೋರು ಆ ಆಸೆ ಬಿಡಬಹುದು. ಮಂಜು ಇನ್ನೂ ಹರಿದಿರಲಿಲ್ಲ, ಜೇಬಿಂದ ಕೈ ತೆಗೆಯೋದಕ್ಕೆ ಆಗದಷ್ಟು ತಣ್ಣನೆ ಗಾಳಿ. ಪಿಯರ್ ಮೇಲೆ "66, ದಾರಿಯ ಕೊನೆ" ಅಂತ ಬರೆದ ಬೋರ್ಡಿನ ಕೆಳಗೆ ಫೋಟೋಗೆ ಆಗಲೇ ಸಾಲು. ಈ ಬೋರ್ಡು ಬಂದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಷಿಕಾಗೊದಿಂದ ಬರುತ್ತಿದ್ದ ಯು.ಎಸ್. 66 ಅನ್ನೋ ರಾಷ್ಟ್ರಮಟ್ಟದ ಹೆದ್ದಾರಿಯೇ ಇರಲಿಲ್ಲ. 1926ರಲ್ಲಿ ಹುಟ್ಟಿದ್ದನ್ನು 1985ರಲ್ಲಿ ಪಟ್ಟಿಯಿಂದ ತೆಗೆದಿದ್ದರು. ಇದ್ದಾಗಲೂ ಅದು ಸಮುದ್ರದ ತನಕ ಬಂದಿರಲಿಲ್ಲ. ಲಿಂಕನ್ ಮತ್ತು ಒಲಿಂಪಿಕ್ ರಸ್ತೆಗಳು ಕೂಡುವಲ್ಲಿ ಮುಗಿಯುತ್ತಿತ್ತು. ದಂಡೆಯ ಪಾರ್ಕಿನಲ್ಲಿ 1952ರ ಒಂದು ಫಲಕ ಬೇರೆ ಇದೆ, ಅದೂ ತಾನೇ ಕೊನೆ ಅನ್ನೋ ಹಾಗೆ ನಿಂತಿದೆ. ಅಪ್ಪನಿಗೆ ಮೂರನ್ನೂ ನೋಡಲೇಬೇಕು. ಲಿಂಕನ್–ಒಲಿಂಪಿಕ್ ಮೂಲೆಯಲ್ಲಿ ಫೋಟೋ ತೆಗೆಸಿಕೊಂಡವರು ನಾವಿಬ್ಬರೇ.

ಅಲ್ಲಿಂದ ಸಾಂಟಾ ಮೋನಿಕಾ ಬುಲೆವಾರ್ಡ್ ಹಿಡಿದು ಪೂರ್ವಕ್ಕೆ. ಇದು ರಾಜ್ಯ ಹೆದ್ದಾರಿ 2. ಸಾಂಟಾ ಮೋನಿಕಾ ಊರೊಳಗಿನ ಪಾಲು ಊರಿನದ್ದು. ಕಾನೂನಿನ ಲೆಕ್ಕದಲ್ಲಿ ಹೆದ್ದಾರಿ ಶುರುವಾಗೋದೇ ಊರ ಗಡಿಯ ಸೆಂಟಿನೆಲಾ ಅವೆನ್ಯೂದಿಂದ. ಬೆವರ್ಲಿ ಹಿಲ್ಸ್‌ನಲ್ಲಿ ಮತ್ತೆ ಊರಿನದ್ದು, ವೆಸ್ಟ್ ಹಾಲಿವುಡ್‌ನಲ್ಲೂ ಊರಿನದ್ದು, ಅದರಾಚೆ ಮತ್ತೆ ರಾಜ್ಯದ್ದು. ಒಂದು ಗಂಟೆಯ ಟ್ರಾಫಿಕ್ಕಿನಲ್ಲಿ ಯಜಮಾನರು ಇಷ್ಟು ಸಲ ಬದಲಾದರೂ ಸೀಟಿನಲ್ಲಿ ಕೂತವರಿಗೆ ಒಂದೇ ರಸ್ತೆ. ಅಪ್ಪನಿಗೆ ಮಾತ್ರ ಗೊತ್ತಾಗುತ್ತಿತ್ತು. "ಇಲ್ಲಿ ಜೋಡಣೆ ನೋಡು," ಅಂತ ಟೈರು ಟಪ್ ಅಂದ ಕಡೆಯೆಲ್ಲ ಕೈ ತೋರಿಸುತ್ತಿದ್ದರು.

ವೆಸ್ಟ್ ಹಾಲಿವುಡ್‌ನಲ್ಲಿ ಇಳಿದು ಕಾಫಿ ಕುಡಿದೆವು. ಹಿಂದೆ ಈ ರಸ್ತೆಯ ನಡುವೆ ಟ್ರಾಮಿನ ಹಳೇ ಹಳಿಗಳು ಬಿದ್ದಿದ್ದವಂತೆ. ರಸ್ತೆ ತಮ್ಮ ಕೈಗೆ ಬಂದಮೇಲೆ ಊರಿನವರು ಅವನ್ನು ಕಿತ್ತು, ಮರ ನೆಟ್ಟು, ಫುಟ್‌ಪಾತು ಅಗಲ ಮಾಡಿದರು. ಸ್ಯಾನ್ ವಿಸೆಂಟೆ ಮೂಲೆಯಲ್ಲಿ ಪಾದಚಾರಿ ಪಟ್ಟೆಗೆ ಕಾಮನಬಿಲ್ಲಿನ ಬಣ್ಣ ಬಳಿದಿದ್ದಾರೆ. ಅಪ್ಪ ಅದನ್ನು ಆ ಕಡೆಯಿಂದ ಈ ಕಡೆ ಎರಡು ಸಲ ದಾಟಿದರು. "ರಾಜ್ಯದ ರಸ್ತೆ ಆಗಿದ್ರೆ ಈ ಬಣ್ಣಕ್ಕೆ ಅನುಮತಿ ಕೇಳಿ ಕೇಳಿ ಫೈಲು ಹಳದಿ ಆಗಿರೋದು." ಅವರ ಅಂದಾಜು ಸುಳ್ಳಲ್ಲ. ಊರುಗಳು ಖರ್ಚು ಮೈಮೇಲೆ ಎಳೆದುಕೊಂಡಾದರೂ ರಸ್ತೆ ಬೇಕು ಅನ್ನೋದು ಇದಕ್ಕೇ: ಮರಕ್ಕೆ, ಪಾರ್ಕಿಂಗಿಗೆ, ಸಿಗ್ನಲ್ಲಿಗೆ ರಾಜ್ಯದ ಬಾಗಿಲು ತಟ್ಟುವುದು ತಪ್ಪುತ್ತೆ.

ಸಂಜೆ ಲಾಸ್ ಏಂಜಲೀಸ್ ಡೌನ್‌ಟೌನ್ ಹಾದು ಹೋಗುವಾಗ ಹೆದ್ದಾರಿ 110ರ ಉತ್ತರ ದಿಕ್ಕಿನಲ್ಲಿ ತಲೆ ಮೇಲಿನ ದೊಡ್ಡ ಬೋರ್ಡು ತೋರಿಸಿದೆ. ರಿಚರ್ಡ್ ಆಂಕ್ರಮ್ ಅನ್ನೋ ಕಲಾವಿದನಿಗೆ ಅಲ್ಲಿ ಐ-5ಕ್ಕೆ ತಿರುಗುವ ಸೂಚನೆ ಇಲ್ಲದ್ದು ಕಿರಿಕಿರಿಯಾಗಿ, ರಾಜ್ಯದ ಸಾರಿಗೆ ಇಲಾಖೆಯ ಅಳತೆ, ಬಣ್ಣ, ಅಕ್ಷರ ಎಲ್ಲ ಓದಿಕೊಂಡು ತಾನೇ ಫಲಕ ಮಾಡಿದ. 2001ರ ಆಗಸ್ಟಿನಲ್ಲಿ ಕೆಲಸಗಾರನ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ಹಾಡಹಗಲೇ ಏಣಿ ಹತ್ತಿ ಅಂಟಿಸಿ ಇಳಿದ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಇಲಾಖೆಯವರು ಪರೀಕ್ಷೆ ಮಾಡಿ, ಸರಿಯಾಗಿಯೇ ಇದೆ ಅಂತ ಹಾಗೇ ಬಿಟ್ಟರು. 2009ರಲ್ಲಿ ಬೋರ್ಡು ಬದಲಾಯಿಸಿದಾಗ ಹೊಸದರಲ್ಲಿ ಐ-5ನ್ನು ತಾವೇ ಸೇರಿಸಿದರು. ಅಪ್ಪ ನಕ್ಕಿದ್ದು ನೋಡಬೇಕಿತ್ತು. ಬಿಲ್ ಇಲ್ಲದೆ ಮುಗಿದ ಕಾಮಗಾರಿ ಜೀವಮಾನದಲ್ಲಿ ಇದೊಂದೇ ಕೇಳಿದ್ದು ಅಂದರು.

ಶನಿವಾರ: 19, ಅಲ್ಲ 164, ಆಮೇಲೆ 66

ಆರ್ಟೀಷಿಯಾದ ಪಯೊನಿಯರ್ ಬುಲೆವಾರ್ಡ್ ಅಂದರೆ ಲಾಸ್ ಏಂಜಲೀಸ್ ಸುತ್ತಲಿನ ನಮ್ಮವರ ಚಿಕ್ಕಪೇಟೆ. ಮಸಾಲೆ ದೋಸೆ ಗರಿಗರಿಯಾಗಿತ್ತು, ಚಟ್ನಿ ನೀರಾಗಿತ್ತು. ಪಕ್ಕದ ಅಂಗಡಿಯಲ್ಲಿ ವೀಳ್ಯದೆಲೆ ಸಿಕ್ಕಿದ್ದರಿಂದ ಅಪ್ಪನ ದಿನ ಅಲ್ಲಿಗೇ ಸಾರ್ಥಕ.

ಅಲ್ಲಿಂದ ಲಾಂಗ್ ಬೀಚಿಗೆ ಇಳಿದು, ಹೆದ್ದಾರಿ 1ನ್ನು ಲೇಕ್‌ವುಡ್ ಬುಲೆವಾರ್ಡ್ ಸೇರುವ ದೊಡ್ಡ ವೃತ್ತದಿಂದ ಉತ್ತರಕ್ಕೆ ಹೊರಟೆವು. ಇದು 19ನೇ ನಂಬರಿನ ದಾರಿ. ನೋಡೋಕೆ ಏನೂ ಚೆಂದ ಇಲ್ಲ: ಟೈರ್ ಅಂಗಡಿ, ಡೋನಟ್ ಅಂಗಡಿ, ಮತ್ತೆ ಟೈರ್ ಅಂಗಡಿ. ಬೆಲ್‌ಫ್ಲವರ್, ಡೌನಿ ಊರುಗಳು ತಮ್ಮ ಪಾಲನ್ನು ರಾಜ್ಯದಿಂದ ತೆಗೆದುಕೊಂಡಿವೆ. ಎಲ್ಲೋ ಒಂದು ಕಡೆ ಹಸಿರು ಸನಿಕೆ ಕಾಣಿಸುತ್ತೆ, ಆಮೇಲೆ ಮೈಲುಗಟ್ಟಲೆ ಇಲ್ಲ. ಡೌನಿಯಲ್ಲಿ ಇದೇ ರಸ್ತೆಯ ಪಕ್ಕದ ಕಾರ್ಖಾನೆಯಲ್ಲಿ ಚಂದ್ರನಿಗೆ ಹೋದ ಅಪೊಲೊ ನೌಕೆಗಳ ಕಮಾಂಡ್ ಮಾಡ್ಯೂಲ್ ಕಟ್ಟಿದ್ದು. ಈಗ ಅಲ್ಲೊಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯ ಇದೆ. ಸ್ವಲ್ಪ ಮುಂದೆ ಇರುವುದು 1953ರ ಮೆಕ್‌ಡೊನಾಲ್ಡ್ಸ್, ಉಳಿದವುಗಳಲ್ಲಿ ಅತಿ ಹಳೇದು. ಹಳದಿ ಕಮಾನಿನ ಕೆಳಗೆ ನಿಂತು ಎಣ್ಣೆಯಲ್ಲಿ ಕರಿದ ಆಪಲ್ ಪೈ ತಿಂದೆವು. ಒಳಗಿನ ಹೂರಣ ನಾಲಗೆ ಸುಡುವಷ್ಟು ಬಿಸಿ, ಎರಡು ನಿಮಿಷ ಕಾಯುವುದು ಒಳ್ಳೇದು.

ತಮಾಷೆ ಶುರುವಾಗೋದು ಪಿಕೊ ರಿವೇರಾದಲ್ಲಿ. ರಸ್ತೆಯ ಹೆಸರು ರೋಸ್‌ಮೀಡ್ ಬುಲೆವಾರ್ಡ್ ಆಗುತ್ತೆ. ಕಾನೂನಿನಲ್ಲಿ ಇದರ ನಂಬರು 164. ಆದರೆ ಕಂಬದ ಮೇಲೆ ಇರೋದು 19! ಲಾಂಗ್ ಬೀಚಿಂದ ನೇರ ಬರುವವನಿಗೆ ನಡುದಾರಿಯಲ್ಲಿ ನಂಬರು ಬದಲಾದರೆ ಗೊಂದಲ ಆಗುತ್ತೆ ಅಂತ ಒಂದೇ ನಂಬರು ಮುಂದುವರಿಸಿದ್ದಾರೆ. ಅಂದರೆ ಕೆಳಗೆ ಊರುಗಳ ರಸ್ತೆಗೆ ರಾಜ್ಯದ ನಂಬರು, ಮೇಲೆ ರಾಜ್ಯದ ರಸ್ತೆಗೆ ಬೇರೆ ರಸ್ತೆಯ ನಂಬರು.

ನನಗೆ ಇದು ಅಸಡ್ಡೆ ಅನ್ನಿಸಿತ್ತು. ಅಪ್ಪ ಒಪ್ಪಲಿಲ್ಲ. "ನಮ್ಮಲ್ಲಿ ಶಿವಮೊಗ್ಗ–ಹೊನ್ನಾವರ ರಸ್ತೆ 206 ಇದ್ದದ್ದು 69 ಮಾಡಿದ್ರು. ಶಿವಮೊಗ್ಗದವರಿಗೆ ಅದು ಈಗಲೂ ಬಿ.ಎಚ್. ರೋಡೇ. ನಂಬರು ಇಲಾಖೆಗೆ ಅಲ್ಲ ಮಾರಾಯ್ತಿ, ಹೋಗೋನಿಗೆ. ಅವನಿಗೆ ದಾರಿ ತಪ್ಪಬಾರದು, ಅಷ್ಟೇ." ಮತ್ತೆ ತಾವೇ ಸೇರಿಸಿದರು: "ರಾಷ್ಟ್ರೀಯ ಹೆದ್ದಾರಿ ಅಂತ ಹಳದಿ ಕಲ್ಲು ಇರೋ ಎಷ್ಟೋ ಕಡೆ ಕೆಲಸ ಮಾಡಿಸ್ತಿದ್ದೋರು ನಾವೇ, ರಾಜ್ಯದ ಇಲಾಖೆಯೋರು. ದುಡ್ಡು ದಿಲ್ಲಿದು, ಬೈಗುಳ ನಮ್ದು."

ಪಾಸಡೀನಾದಿಂದ ಫುಟ್‌ಹಿಲ್ ಬುಲೆವಾರ್ಡ್ ಸೇರಿ ಪೂರ್ವಕ್ಕೆ ತಿರುಗಿದೆವು. ಎಡಕ್ಕೆ ಸ್ಯಾನ್ ಗೇಬ್ರಿಯೆಲ್ ಬೆಟ್ಟಸಾಲು, ತುದಿಯಲ್ಲಿ ಹಿಮ. ಹಳೇ ಯು.ಎಸ್. 66 ಇಲ್ಲೇ ಹೋಗುತ್ತಿದ್ದದ್ದು. ರದ್ದಾದ ಮೇಲೆ ಲಾ ವರ್ನ್‌ನಿಂದ ಆಚೆಗೆ ರಾಜ್ಯ ಅದೇ ಅಂಕಿಯನ್ನು ತನ್ನ ರಸ್ತೆಗೆ ಇಟ್ಟುಕೊಂಡಿತು. ಅದರಲ್ಲೂ ಒಂದೊಂದೇ ತುಂಡು ಊರುಗಳ ಪಾಲಾಗಿದೆ. ಹಾಗಾಗಿ ಒಂದೇ ಬೀದಿಯಲ್ಲಿ ಕಂದು ಬಣ್ಣದ "ಐತಿಹಾಸಿಕ 66", ಹಸಿರು ಸನಿಕೆಯ 66, ಅಂಗಡಿಯವರು ತಾವೇ ಬರೆಸಿದ 66, ಡಾಂಬರಿನ ಮೇಲೆ ಬಳಿದ 66. ಯಾವುದು ಸರ್ಕಾರದ್ದು ಅಂತ ಹುಡುಕುವುದನ್ನು ಅಪ್ಪ ಒಂದು ಹಂತದಲ್ಲಿ ಬಿಟ್ಟರು.

ರಾಂಚೊ ಕುಕಮಂಗಾದಲ್ಲಿ 1915ರ ಒಂದು ಹಳದಿ ಪೆಟ್ರೋಲ್ ಬಂಕನ್ನು ರಿಪೇರಿ ಮಾಡಿ ಪುಟ್ಟ ಸಂಗ್ರಹಾಲಯ ಮಾಡಿಟ್ಟಿದ್ದಾರೆ. ಅಲ್ಲಿ ಕುತ್ತಿಗೆಗೆ ಕರವಸ್ತ್ರ ಕಟ್ಟಿದ ಅಜ್ಜಿಯೊಬ್ಬರು ಸಿಕ್ಕಿದರು. ಈ ರಸ್ತೆ ಈಗ ಯಾರದು ಅಂತ ಅಪ್ಪ ತಮ್ಮ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, "ಪ್ರವಾಹ ಬಂದರೆ ಯಾರದೂ ಅಲ್ಲ, ಮೆರವಣಿಗೆ ಬಂದರೆ ಎಲ್ಲರದ್ದೂ" ಅಂದರು. ಆಮೇಲೆ ಅಪ್ಪನ ಕೈಗೆ ಒಂದು 66 ಸ್ಟಿಕ್ಕರ್ ಕೊಟ್ಟು, ಮನೆ ಬಾಗಿಲಿಗೆ ಅಂಟಿಸಿ, ನಿಮ್ಮೂರಿನ ರಸ್ತೆಯೂ 66 ಆಗಲಿ ಅಂದರು. ನಮ್ಮ ಕರಾವಳಿಯಲ್ಲಿ ಆಗಲೇ ಒಂದು 66 ಇದೆ ಅಂತ ಅಪ್ಪ ಹೇಳಿದ್ದನ್ನು ಅವರು ನಂಬಿದ ಹಾಗೆ ಕಾಣಲಿಲ್ಲ.

ರಾತ್ರಿ ಸ್ಯಾನ್ ಬರ್ನಾರ್ಡಿನೊದ ವಿಗ್ವಾಮ್ ಮೋಟೆಲ್. 1940ರ ದಶಕದ ಕೊನೆಯಲ್ಲಿ ಕಟ್ಟಿದ ಕಾಂಕ್ರೀಟಿನ ಶಂಕುಗಳು, ಒಂದೊಂದೂ ಒಂದು ಕೋಣೆ. ನಡೆಸುವವರು ಗುಜರಾತಿ ಕುಟುಂಬ. ಗೋಡೆ ಒಳಕ್ಕೆ ವಾಲಿರುವುದರಿಂದ ಎದ್ದ ಕೂಡಲೇ ತಲೆಗೆ ತಾಗುತ್ತೆ. ಉದ್ದ ಇರುವವರು ಮಂಚದ ಹೊರ ಅಂಚಲ್ಲಿ ಮಲಗಬೇಕು. ಅಪ್ಪ ಒಳ ಅಂಚಲ್ಲಿ ಮಲಗಿದ್ದರು.

ಭಾನುವಾರ: ಮರಳು, 111, ಖರ್ಜೂರ

ಸ್ಯಾನ್ ಗೊರ್ಗೊನಿಯೊ ಕಣಿವೆಯಲ್ಲಿ ಗಾಳಿಯಂತ್ರಗಳು ಶುರುವಾದ ಕೂಡಲೇ ಸ್ಟೇರಿಂಗು ಕೈಯಲ್ಲಿ ಎಳೆಯತೊಡಗಿತು. ಐ-10 ಬಿಟ್ಟು ರಾಜ್ಯ ಹೆದ್ದಾರಿ 111ಕ್ಕೆ ತಿರುಗಿ ಪಾಮ್ ಸ್ಪ್ರಿಂಗ್ಸಿಗೆ ಇಳಿದೆವು. ಊರ ಬಾಯಲ್ಲಿ ರೆಕ್ಕೆ ಬಿಚ್ಚಿದಂಥ ಚಾವಣಿಯ ಕಟ್ಟಡ ಸಿಗುತ್ತೆ, 1965ರ ಪೆಟ್ರೋಲ್ ಬಂಕು, ಈಗ ಪ್ರವಾಸಿ ಕೇಂದ್ರ. ಅಲ್ಲಿ ನಕ್ಷೆ, ಶೌಚಾಲಯ ಎರಡೂ ಸಿಗುತ್ತೆ.

ಗಾಳಿಯಂತ್ರಗಳನ್ನು ಹತ್ತಿರದಿಂದ ನೋಡೋಣ ಅಂತ ಇಂಡಿಯನ್ ಕ್ಯಾನ್ಯನ್ ಡ್ರೈವ್ ಹಿಡಿದರೆ, ವೈಟ್‌ವಾಟರ್ ಹೊಳೆಯ ಒಣ ಪಾತ್ರದ ಬಳಿ ಅಡ್ಡಗಟ್ಟೆ. ಗಾಳಿ ಜೋರಾದಾಗೆಲ್ಲ ಇಲ್ಲಿ ಮರಳು ರಸ್ತೆಗೆ ಬಂದು ಕೂರುತ್ತೆ, ರಸ್ತೆ ಮುಚ್ಚುತ್ತಾರೆ. ಕಾರು ತಿರುಗಿಸಲು ಕಿಟಕಿ ಇಳಿಸಿ ದಾರಿ ಕೇಳಿದೆ. ಅಷ್ಟರಲ್ಲಿ ಹಲ್ಲಿನಲ್ಲೆಲ್ಲ ಮರಳು, ಪುಳಿಯೋಗರೆ ಡಬ್ಬಿಯ ಮುಚ್ಚಳ ಸಡಿಲ ಇತ್ತು, ಅದರ ಕಥೆಯೂ ಮುಗಿಯಿತು. ಕಿತ್ತಳೆ ಜಾಕೆಟ್ಟಿನ ಕೆಲಸಗಾರ ಮುಖಕ್ಕೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಇದು ಊರಿನ ರಸ್ತೆ, ಗುಡಿಸುವವರು ನಾವೇ ಅಂದ. ಇವತ್ತು ಗುಡಿಸಿದ್ದು ನಾಳೆಗೆ ವಾಪಸ್ ಬರುತ್ತಂತೆ. ಅಪ್ಪ ಕಾರಿಂದ ಇಳಿದೇಬಿಟ್ಟರು. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಧರೆ ಕುಸಿಯೋದು, ಎತ್ತಿ ಹಾಕಿದ ಮಣ್ಣು ಮಾರನೇ ದಿನ ಅಲ್ಲೇ ಇರೋದು, ಎಲ್ಲ ಕೈಸನ್ನೆಯಲ್ಲೇ ಹೇಳಿದರು. ಆತ ಅರ್ಧ ಮುಖವೇ ಕಾಣದಿದ್ದರೂ ಚೆನ್ನಾಗಿ ನಕ್ಕ. ನಿಮಗೆ ಮರಳು ಒಣಗಿರುತ್ತೆ, ಪುಣ್ಯವಂತರು ಅಂದರು ಅಪ್ಪ.

ಕೆಥೀಡ್ರಲ್ ಸಿಟಿಯಿಂದ ಇಂಡಿಯೋ ತನಕದ 111 ಈ ಪ್ರವಾಸದ ಹೂರಣ. ರಾಂಚೊ ಮಿರಾಜ್, ಪಾಮ್ ಡೆಸರ್ಟ್, ಇಂಡಿಯನ್ ವೆಲ್ಸ್, ಲಾ ಕೀಂಟಾ, ಊರುಗಳು ಒಂದಕ್ಕೊಂದು ತಾಗಿಕೊಂಡೇ ಇವೆ, ರಸ್ತೆಯನ್ನು ಎಲ್ಲರೂ ತಮ್ಮದಾಗಿಸಿಕೊಂಡಿದ್ದಾರೆ. ಊರು ಬದಲಾಯಿತು ಅನ್ನೋದು ನಡುಪಟ್ಟಿಯಿಂದಲೇ ಗೊತ್ತಾಗುತ್ತೆ. ಒಂದು ಕಡೆ ಕಳ್ಳಿ ಮತ್ತು ಜಲ್ಲಿ, ಇನ್ನೊಂದು ಕಡೆ ಹುಲ್ಲುಹಾಸು ಮತ್ತು ಹೂವು, ಮತ್ತೊಂದು ಕಡೆ ಕಬ್ಬಿಣದ ಶಿಲ್ಪ. ಮರುಭೂಮಿಯಲ್ಲಿ ಆ ಹೂವಿಗೆ ಹಾಕುವ ನೀರು ನೋಡಿ ನನಗೆ ಹೊಟ್ಟೆ ಉರಿಯಿತು. ಇಷ್ಟೆಲ್ಲ ಸಿಂಗಾರದ ನಡುವೆ ನಂಬರಿನ ಬೋರ್ಡು ಮಾತ್ರ ಮಲತಾಯಿ ಮಗು. ಒಂದೂರಲ್ಲಿ ಸಿಗ್ನಲ್ಲಿಗೊಂದು ಹೊಳೆಯುವ ಹಸಿರು ಸನಿಕೆ. ಮುಂದಿನೂರಲ್ಲಿ ಬಿಸಿಲಿಗೆ ಬಣ್ಣ ಹೋಗಿ ಪಾಚಿ ಬಣ್ಣಕ್ಕೆ ತಿರುಗಿದ ಒಂದು ಹಳೇದು, ಅದೂ ಮರದ ಹಿಂದೆ. ಅದರ ಮುಂದಿನೂರಲ್ಲಿ ಇಲ್ಲವೇ ಇಲ್ಲ. ತೆಗೆದುಕೊಳ್ಳುವಾಗ ಒಪ್ಪಿದ ಷರತ್ತು ಇದು. ಹೂವಿಗೆ ಹಣ ಇರುವ ಊರಿಗೆ ಒಂದು ತಗಡಿಗೆ ಇರಲಾರದೆ? ಫೋನು ದಾರಿ ಹೇಳುತ್ತಲ್ಲ ಅನ್ನಬಹುದು, ಆದರೆ ಅವತ್ತು ಫೋನು ಪ್ರತಿ ತಿರುವಿಗೂ "ಹೆದ್ದಾರಿ 111ರಲ್ಲಿ ಮುಂದುವರಿಯಿರಿ" ಅಂತ ಹೇಳುತ್ತಿತ್ತು, ಕಿಟಕಿಯಾಚೆ ಆ ಅಂಕಿ ಎಲ್ಲೂ ಇರಲಿಲ್ಲ.

ಎಲ್ಲೂ ಇರಲಿಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಅಂಗಡಿಗಳ ವಿಳಾಸದಲ್ಲಿ ಇತ್ತು. ಇಲ್ಲಿ ಹಾಸಿಗೆ ಮಾರುವವನೂ ಹಲ್ಲಿನ ಡಾಕ್ಟರೂ "ಹೈವೇ 111" ಅಂತಲೇ ಬರೆಸಿಕೊಂಡಿದ್ದಾರೆ. ಇಂಡಿಯೋದಲ್ಲಿ 1924ರಿಂದ ಇರುವ ಶೀಲ್ಡ್ಸ್ ಖರ್ಜೂರದ ತೋಟದ ವಿಳಾಸದಲ್ಲಿ ಅದು "ಯು.ಎಸ್. ಹೈವೇ 111". ಯು.ಎಸ್. ಅನ್ನೋದು ರಾಷ್ಟ್ರಮಟ್ಟದ ಹೆದ್ದಾರಿಗೆ ಇಡುವ ಹೆಸರು; ಯು.ಎಸ್. 111 ಅಂತ ಇಲ್ಲಿ ಯಾವತ್ತೂ ಇರಲಿಲ್ಲ. ಅಪ್ಪ ಬಿಲ್ಲನ್ನು ಕನ್ನಡಕ ಏರಿಸಿ ಓದಿದರು. "ರಾಜ್ಯ ಕೈಬಿಟ್ರೆ ಇವರು ಕೇಂದ್ರಕ್ಕೇ ಸೇರಿಸ್ಕೊಂಡಿದಾರೆ ನೋಡೇ!"

ಅಲ್ಲಿಯ ಖರ್ಜೂರದ ಶೇಕ್ ಕುಡಿಯದೆ ಯಾರೂ ಬರಬಾರದು. ದಪ್ಪ ಎಷ್ಟು ಅಂದರೆ ಸ್ಟ್ರಾ ಕೈಬಿಟ್ಟರೂ ನೆಟ್ಟಗೆ ನಿಲ್ಲುತ್ತೆ; ಇಬ್ಬರಿಗೆ ಒಂದು ಸಾಕು. ಖರ್ಜೂರದಲ್ಲಿ ಮೆಡ್‌ಜೂಲ್ ಜಾತಿಯದು ಬಾಯಲ್ಲಿ ಬೆಲ್ಲದ ಪಾಕದ ಹಾಗೆ ಕರಗುತ್ತೆ, ಡೆಗ್ಲೆಟ್ ನೂರ್ ಸ್ವಲ್ಪ ಗಟ್ಟಿ, ಅಗಿಯೋದಕ್ಕೆ ಸಿಗುತ್ತೆ. ಅಪ್ಪನ ಮತ ಎರಡನೆಯದಕ್ಕೆ.

ಸೋಮವಾರ: ಸಮುದ್ರಮಟ್ಟದ ಕೆಳಗೆ

ಮೆಕ್ಕಾ ಅನ್ನೋ ಊರು ದಾಟಿ ಸಾಲ್ಟನ್ ಸರೋವರದ ದಂಡೆಗೆ ಇಳಿದ ಮೇಲೆ ಎಡಬದಿಯಲ್ಲಿ ರೈಲುಹಳಿ, ಬಲಬದಿಯಲ್ಲಿ ತೆಳು ನೀಲಿ ನೀರು, ನಡುವೆ ನಾವು. "ನಿಲ್ಸು ನಿಲ್ಸು," ಅಂದರು ಅಪ್ಪ. ರಸ್ತೆ ಅಂಚಿನಲ್ಲಿ ಸಪೂರ ಕಂಬಕ್ಕೆ ಕೈಯಗಲದ ಬಿಳಿ ತಗಡು. ಅದರ ಮೇಲೆ ಕಪ್ಪಕ್ಷರದಲ್ಲಿ ರಸ್ತೆಯ ನಂಬರು, ಕೌಂಟಿಯ ಹೆಸರಿನ ಮೂರಕ್ಷರ, ಮೈಲಿಯ ಲೆಕ್ಕ. ಇದು ಇಲಾಖೆಯವರು ತಮ್ಮ ಕೆಲಸಕ್ಕೆ ನೆಡುವ ಗುರುತು. ಲೆಕ್ಕ ಪ್ರತಿ ಕೌಂಟಿಗೂ ಸೊನ್ನೆಯಿಂದ ಶುರು. ಊರುಗಳ ಪಾಲಿನ 111ರಲ್ಲಿ ಇದೊಂದೂ ಕಂಡಿರಲಿಲ್ಲ. ಇಲ್ಲಿ ರಸ್ತೆ ನಿಜಕ್ಕೂ ರಾಜ್ಯದ್ದು. ಅಪ್ಪ ತಗಡನ್ನು ಬೆರಳಲ್ಲಿ ತಟ್ಟಿ, ಬುಡ ಅಲ್ಲಾಡಿಸಿ ನೋಡಿ, ನಮ್ಮ ಹಸಿರು ತಲೆಯ ಕಲ್ಲಾದರೆ ಲಾರಿ ಗುದ್ದಿದರೂ ಇರುತ್ತೆ ಅಂತ ತೀರ್ಪು ಕೊಟ್ಟರು.

1905ರಲ್ಲಿ ಕೊಲರಾಡೊ ನದಿ ನಾಲೆ ಒಡೆದುಕೊಂಡು ನುಗ್ಗಿ ಆದದ್ದು ಈ ಸರೋವರ. ಈಗ ಸಮುದ್ರಕ್ಕಿಂತ ಉಪ್ಪು, ವರ್ಷ ವರ್ಷ ಕುಗ್ಗುತ್ತಿದೆ. ಬಾಂಬೆ ಬೀಚ್ ಅನ್ನೋ ಊರಲ್ಲಿ ಇಳಿದೆವು. ಹೆಸರು ಕೇಳಿ ಆಸೆಪಟ್ಟ ಅಪ್ಪನಿಗೆ ಸಿಕ್ಕಿದ್ದು ಮೀನಿನ ಮುಳ್ಳು, ಚಿಪ್ಪಿನ ಚೂರು, ಕೊಳೆತ ಮೊಟ್ಟೆಯ ವಾಸನೆ ಮತ್ತು ಕಲಾವಿದರು ನೀರಂಚಿಗೆ ತಂದಿಟ್ಟ ಗುಜರಿ. ದಂಡೆ ಬಿಳಿ ಮರಳಿನ ಹಾಗೆ ಕಂಡರೂ ಕಾಲಿಟ್ಟರೆ ಮೂಳೆ ಮುರಿದ ಸದ್ದು. ಚಪ್ಪಲಿ ಬೇಡ, ಬೂಟೇ ಬೇಕು. ಸಮುದ್ರಮಟ್ಟಕ್ಕಿಂತ ಇನ್ನೂರು ಅಡಿಗೂ ಕೆಳಗಿದ್ದೇವೆ ಅಂದರೆ ಅಪ್ಪ ಮೇಲೆ ನೋಡಿದರು.

ನೈಲಂಡ್ ಹತ್ತಿರ ನೆಲದಿಂದ ಕೆಸರು ಬುಗ್ಗೆ ಏಳುತ್ತೆ, ಅದು ನಿಂತಲ್ಲಿ ನಿಲ್ಲದೆ ಸರಿಯುತ್ತೆ. ಸರಿದು ಸರಿದು ರೈಲುಹಳಿಯ ಬುಡಕ್ಕೆ, ಆಮೇಲೆ ಹೆದ್ದಾರಿಗೇ ಬಂದಾಗ 111ನ್ನು ಪಕ್ಕಕ್ಕೆ ತಿರುಗಿಸಬೇಕಾಯಿತು. ಇಂಥದ್ದನ್ನು ಯಾವ ಊರೂ ಕೇಳಿ ಪಡೆಯೋದಿಲ್ಲ ಅಂತ ಅಪ್ಪನಿಗೆ ನಗು. ಹೂವಿನ ರಸ್ತೆ ಊರಿಗೆ, ಕೆಸರಿನ ರಸ್ತೆ ರಾಜ್ಯಕ್ಕೆ. ಕ್ಯಾಲಿಪಾಟ್ರಿಯಾದಲ್ಲಿ 184 ಅಡಿ ಎತ್ತರದ ಧ್ವಜಸ್ತಂಭ. ಬಾವುಟ ಹಾರುವುದು ಸರಿಯಾಗಿ ಸಮುದ್ರಮಟ್ಟದಲ್ಲಿ. ಸುತ್ತ ಕೊನೆ ಕಾಣದ ಲೆಟ್ಯೂಸ್ ಹೊಲ.

ವಾಪಸ್ ಉತ್ತರಕ್ಕೆ ಬರುವಾಗ ನೈಲಂಡ್ ದಾಟಿ ಗಡಿ ಪೊಲೀಸರ ತಪಾಸಣೆ ಇದೆ. ಮೆಕ್ಸಿಕೋಗೆ ಹೋಗದಿದ್ದರೂ ಎಲ್ಲರನ್ನೂ ನಿಲ್ಲಿಸುತ್ತಾರೆ. ಊರಿಂದ ಬಂದ ಹಿರಿಯರ ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಈ ಕಡೆ ಬರಬೇಡಿ. ಚಿಕ್ಕ ವಯಸ್ಸಿನ ಅಧಿಕಾರಿ ಅಪ್ಪನ ಪಾಸ್‌ಪೋರ್ಟ್ ತಿರುವಿ, ಎಲ್ಲಿಂದ ಬರುತ್ತಿದ್ದೀರಿ ಅಂದ. "ಹೈವೇ ಒನ್ ಇಲೆವೆನ್," ಅಂದರು ಅಪ್ಪ. ಯಾವ ಊರಿಂದ ಅಂತ ಮತ್ತೆ ಕೇಳಿದ. ಅಪ್ಪ ಕೆಥೀಡ್ರಲ್ ಸಿಟಿಯಿಂದ ಶುರುಮಾಡಿ ಯಾವ್ಯಾವ ಊರು ರಸ್ತೆ ತೆಗೆದುಕೊಂಡಿದೆ ಅಂತ ಸಾಲಾಗಿ ಹೇಳಲಾರಂಭಿಸಿದರು. ರಾಂಚೊ ಮಿರಾಜ್ ತನಕ ಕೇಳಿದ ಆತ ಪಾಸ್‌ಪೋರ್ಟ್ ವಾಪಸ್ ಕೊಟ್ಟು, ಹಿಂದಿನ ಕಾರಿಗೆ ಬಾ ಅಂತ ಕೈ ಮಾಡಿದ.

ಕೊಚೆಲ್ಲಾದಲ್ಲಿ ಬೀದಿ ಬದಿಯ ಗಾಡಿಯೊಂದರಲ್ಲಿ ಅವರೆ ಜಾತಿಯ ಕಾಳು, ಸೊಪ್ಪು ಹಾಕಿದ ಟಾಕೊ ಸಿಕ್ಕಿತು, ಖಾರ ನಮಗೆ ಹಿಡಿಸುವಷ್ಟು. ಮಂಗಳವಾರ ಮಧ್ಯಾಹ್ನ ಮನೆ ಸೇರಿದೆವು. ಅಪ್ಪ ಊಟ ಆದಮೇಲೆ ಹಳೇ ಸಹೋದ್ಯೋಗಿಯೊಬ್ಬರಿಗೆ ಫೋನ್ ಹಚ್ಚಿ, ರಿಚರ್ಡ್ ಆಂಕ್ರಮ್ ಕಥೆಯಿಂದ ಶುರುಮಾಡಿದರು. ಹೊಸನಗರದಲ್ಲಿ ಎಲ್ಲೆಲ್ಲಿ ಬೋರ್ಡು ಬೇಕು ಅನ್ನೋ ಪಟ್ಟಿ ಆ ಕಡೆಯಿಂದಲೇ ಬರುತ್ತಿತ್ತು.